ಕೊಟೇಶನ್ನಿನಲ್ಲಿ ಕಾಣದ ಹಿಂಸೆ

ನಮ್ಮ ಸಭಾಭವನಗಳಿಗೂ ಯಾತ್ರಿನಿವಾಸಗಳಿಗೂ ಹವಾನಿಯಂತ್ರಣ ಯಂತ್ರಗಳು ಬಂದು ಬಹುಕಾಲವಾಯಿತು. ಅವನ್ನು ಕೊಳ್ಳುವಾಗ ಆಡಳಿತ ಮಂಡಳಿಗಳು ಮೂರು ಪ್ರಶ್ನೆ ಕೇಳುತ್ತವೆ: ಬೆಲೆ ಎಷ್ಟು, ವಿದ್ಯುತ್ ಖರ್ಚು ಎಷ್ಟು, ವಾರಂಟಿ ಎಷ್ಟು ವರ್ಷ? ಯಂತ್ರದೊಳಗೆ ಇರುವ ಅನಿಲ ಯಾವುದು ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಅದಕ್ಕೆ ಉತ್ತರ ದೊರೆಯದೆ ಧರ್ಮಸಂಸ್ಥೆಯ ಚೆಕ್ಕಿಗೆ ಯಾರೂ ಸಹಿ ಹಾಕಬಾರದೆಂಬುದೇ ಈ ಲೇಖನದ ವಾದ.

ಶೀತಕ ಅನಿಲವು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. ಒಳಗೆ ಆವಿಯಾಗುತ್ತ ಕೋಣೆಯ ಶಾಖವನ್ನು ಹೀರಿಕೊಂಡು, ಹೊರಗೆ ಒತ್ತಡದಲ್ಲಿ ದ್ರವವಾಗುತ್ತ ಅದನ್ನು ಬಿಟ್ಟುಕೊಡುತ್ತದೆ. ದೀಪದ ಎಣ್ಣೆಯಂತೆ ಅದು ಉರಿದು ಮುಗಿಯುವ ವಸ್ತುವಲ್ಲ. ಆದ್ದರಿಂದ ಪ್ರತಿ ಬೇಸಿಗೆಯಲ್ಲೂ ‘ಗ್ಯಾಸ್ ಕಡಿಮೆಯಾಗಿದೆ, ತುಂಬಬೇಕು’ ಎಂದು ಮೆಕ್ಯಾನಿಕ್ ಹೇಳಿದರೆ ಅದರ ಅರ್ಥ ಒಂದೇ: ಕಳೆದ ವರ್ಷ ನಾವು ಹಣ ಕೊಟ್ಟು ತುಂಬಿಸಿದ್ದು ಆಕಾಶಕ್ಕೆ ಹೋಗಿದೆ. ಸೋರುವ ಜಾಗವನ್ನು ಹುಡುಕಿ ಮುಚ್ಚದೆ ಮತ್ತೆ ತುಂಬಿಸುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಆದರೆ ಇಲ್ಲಿ ಸೋರುವುದು ನೀರಲ್ಲ.

1928ರಲ್ಲಿ ಕ್ಲೋರೋಫ್ಲೋರೋಕಾರ್ಬನ್ನುಗಳು ಶೀತಕಗಳಾಗಿ ರೂಪುಗೊಂಡಾಗ, ವಿಷವಿಲ್ಲ, ಬೆಂಕಿ ಹತ್ತುವುದಿಲ್ಲ ಎಂದು ಜಗತ್ತು ಮೆಚ್ಚಿತು. ಅವು ಓಜೋನ್ ಪದರವನ್ನು ತಿನ್ನಬಲ್ಲವೆಂದು ಮೊಲೀನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಸೇರಿತು. ಬಳಿಕ ಬಂದ ಆರ್-410ಎ ಮೊದಲಾದ ಅನಿಲಗಳಿಂದ ಓಜೋನಿಗೆ ಅಪಾಯವಿಲ್ಲ. ಆದುದರಿಂದಲೇ ಯಂತ್ರಗಳ ಮೇಲೆ ‘ಓಜೋನ್ ಸ್ನೇಹಿ’ ಎಂಬ ಹಸಿರು ಚೀಟಿ ಅಂಟಿಕೊಂಡಿತು.

ಆ ಚೀಟಿ ಅರ್ಧಸತ್ಯ. ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ 1 ಕಿಲೋಗ್ರಾಂ ಆರ್-410ಎ ಭೂಮಿಯನ್ನು ಬಿಸಿಮಾಡುವ ಶಕ್ತಿ ಸುಮಾರು 2088 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಯಂತ್ರಗಳಲ್ಲಿರುವ ಆರ್-22ಕ್ಕೆ ಈ ಅಂಕಿ 1810. ಅದು ಓಜೋನನ್ನೂ ಕೆಡಿಸುತ್ತದೆ. ಆರ್-32ಕ್ಕೆ 675. ಆರ್-290 ಎಂಬ ಹೆಸರಿನ ಶುದ್ಧ ಪ್ರೊಪೇನಿಗೆ ಕೇವಲ 3ರ ಆಸುಪಾಸು. ಲಾಭ-ನಷ್ಟದ ಖಾತೆ ಬರೆಯಬಲ್ಲ ನಮ್ಮ ಸಮಾಜಕ್ಕೆ ಈ ನಾಲ್ಕು ಅಂಕಿಗಳನ್ನು ಹೋಲಿಸುವುದು ಕಷ್ಟವೇ? ಒಂದು ಕಿಲೋಗ್ರಾಂ ಸೋರಿದರೆ ಒಂದೆಡೆ ಎರಡು ಟನ್ನಿನ ಹೊರೆ, ಇನ್ನೊಂದೆಡೆ ಮೂರು ಕಿಲೋಗ್ರಾಮಿನದು.

‘ಪ್ರೊಪೇನ್ ಹೊತ್ತಿಕೊಳ್ಳುತ್ತದೆ’ ಎಂಬ ಆಕ್ಷೇಪವುಂಟು. ನಿಜ. ಆದರೆ 14.2 ಕಿಲೋಗ್ರಾಮಿನ ಅಡುಗೆ ಅನಿಲದ ಸಿಲಿಂಡರನ್ನು ಭೋಜನಶಾಲೆಯಲ್ಲಿ ನಿಶ್ಚಿಂತೆಯಿಂದ ಇರಿಸುವ ನಾವು, ಸಣ್ಣ ಕೋಣೆಯ ಯಂತ್ರದಲ್ಲಿರುವ ಕೆಲವು ನೂರು ಗ್ರಾಮಿಗೆ ಬೆದರಬೇಕಿಲ್ಲ. ಗೋದ್ರೆಜ್ ಸಂಸ್ಥೆ 2012ರಲ್ಲಿಯೇ ಇಂತಹ ಯಂತ್ರವನ್ನು ಭಾರತದಲ್ಲಿ ಮಾರಾಟಕ್ಕೆ ತಂದಿತು. ಐಸೋಬ್ಯೂಟೇನ್ ತುಂಬಿದ ರೆಫ್ರಿಜರೇಟರುಗಳಂತೂ ಇಂದು ಮನೆಮನೆಯಲ್ಲಿವೆ. ಎಚ್ಚರಿಕೆಗಳು ಎರಡು: ಅಳವಡಿಕೆಗೂ ದುರಸ್ತಿಗೂ ತರಬೇತಿ ಪಡೆದವರೇ ಬೇಕು, ಹಳೆಯ ಆರ್-22 ಯಂತ್ರಕ್ಕೆ ಪ್ರೊಪೇನನ್ನು ಎಂದಿಗೂ ತುಂಬಿಸಬಾರದು. ಅನಿಲದ ಪ್ರಮಾಣಕ್ಕೆ ಸುರಕ್ಷತಾ ಮಿತಿ ಇರುವುದರಿಂದ ದೊಡ್ಡ ಸಭಾಭವನಕ್ಕೆ ಈ ಬಗೆಯ ಯಂತ್ರ ಒದಗದೆ ಹೋಗಬಹುದು. ಅಲ್ಲಿ ತಜ್ಞರ ಸಲಹೆಯಂತೆ, ದೊರೆಯುವವುಗಳಲ್ಲಿ ಅತ್ಯಲ್ಪ ಹೊರೆಯ ಅನಿಲವನ್ನು ಆರಿಸಬೇಕು.

‘ಬೆಲೆ ಹೆಚ್ಚು’ ಎನ್ನುವವರಿಗೆ ವ್ಯಾಪಾರಿಯ ಉತ್ತರವೇ ಇದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಆರ್-410ಎ ಸೇರಿದ ಹೈಡ್ರೋಫ್ಲೋರೋಕಾರ್ಬನ್ನುಗಳ ಬಳಕೆ 2028ರಲ್ಲಿ ಒಂದು ಮಿತಿಯಲ್ಲಿ ನಿಲ್ಲಬೇಕು. 2032ರಿಂದ ಇಳಿಯುತ್ತ, 2047ರ ಹೊತ್ತಿಗೆ ಶೇಕಡಾ 85ರಷ್ಟು ಕಡಿಮೆಯಾಗಬೇಕು. ಸರಬರಾಜು ಕುಗ್ಗಲಿರುವ ಸರಕನ್ನೇ ನಂಬಿದ ಯಂತ್ರವನ್ನು ಇಂದು ಅಗ್ಗವೆಂದು ಕೊಳ್ಳುವುದು ಯಾವ ವ್ಯಾಪಾರನೀತಿ?

ಮೂರನೆಯ ಆಕ್ಷೇಪ ಧರ್ಮದ ಹೆಸರಿನದು: ‘ಯಂತ್ರವೇ ಹಿಂಸೆ, ಅದರಲ್ಲಿ ಅನಿಲದ ತಾರತಮ್ಯವೇಕೆ?’ ಕೇಳಲು ಗಂಭೀರವಾದ ಈ ಮಾತು ವಾಸ್ತವದಲ್ಲಿ ಆಲಸ್ಯಕ್ಕೆ ಹೊದಿಸಿದ ಶಾಲು. ಶ್ರಾವಕನ ವ್ರತ ಅಣುವ್ರತ. ಪೂರ್ಣವಾಗಿ ಬಿಡಲಾಗದುದನ್ನು ಮಿತಿಗೊಳಿಸುವುದೇ ಅದರ ಸ್ವರೂಪ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕದಡುವುದನ್ನು ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಎಣಿಸುತ್ತದೆ. ಸೋರುವ ಕೊಳವೆಯಿಂದ ಯಾರಿಗೂ ತಂಪಿಲ್ಲ, ಯಾರಿಗೂ ಪ್ರಯೋಜನವಿಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ? ಅನಿಲವನ್ನು ಹೊರಬಿಟ್ಟವನು ಮೆಕ್ಯಾನಿಕ್ ಎಂದು ಕೈತೊಳೆಯುವಂತಿಲ್ಲ. ಕೃತವಷ್ಟೇ ಅಲ್ಲ, ಕಾರಿತ, ಅನುಮೋದಿತಗಳೂ ನಮ್ಮ ಲೆಕ್ಕಕ್ಕೆ ಬರುತ್ತವೆ.

ಆಡಳಿತ ಮಂಡಳಿಗಳು ಮುಂದಿನ ಸಭೆಯಲ್ಲಿಯೇ ಒಂದು ನಿರ್ಣಯ ಮಾಡಲಿ. ನೆರಳು, ಗಾಳಿ ಹಾಯುವ ಕಿಟಕಿ, ಫ್ಯಾನುಗಳಿಂದ ಸಾಗುವಲ್ಲಿ ಯಂತ್ರ ಬೇಡ. ಬೇಕಾದಲ್ಲಿ ಅನಿಲದ ಹೆಸರೂ ತೂಕವೂ ಕೊಟೇಶನ್ನಿನಲ್ಲಿ ಬರಹದಲ್ಲಿರಲಿ. ಉಷ್ಣಾಂಶವನ್ನು 24 ಡಿಗ್ರಿಗಿಂತ ಕೆಳಗಿಳಿಸದಿರಲಿ. ವಿದ್ಯುತ್ತಿನ ಹೊರೆಯೂ ಚಿಕ್ಕದಲ್ಲ. ಸೋರಿಕೆ ಮುಚ್ಚದೆ ಅನಿಲ ತುಂಬಿಸಿದ ಬಿಲ್ಲನ್ನು ಲೆಕ್ಕಪರಿಶೋಧಕರು ಪ್ರಶ್ನಿಸಲಿ. ಹಳೆಯ ಯಂತ್ರವನ್ನು ಗುಜರಿಗೆ ಕೊಡುವ ಮುನ್ನ ಅನಿಲವನ್ನು ಸಿಲಿಂಡರಿಗೆ ಹಿಂಪಡೆಯುವ ಷರತ್ತಿರಲಿ.

ನೀರನ್ನು ಸೋಸಿ ಕುಡಿಯುವುದನ್ನು ಜಗತ್ತಿಗೆ ತೋರಿಸಿದ ಸಮಾಜ ನಮ್ಮದು. ಕಣ್ಣಿಗೆ ಕಾಣದ ಜೀವಿಗಾಗಿ ಬಟ್ಟೆ ಹಿಡಿದ ಕೈ, ಕಣ್ಣಿಗೆ ಕಾಣದ ಅನಿಲದ ವಿಷಯದಲ್ಲಿ ಕಟ್ಟಿಕೊಂಡು ಕೂರುವುದು ಸಲ್ಲದು.