ವಿಷಯವೆಂಬುದು ಒಂದು ಸ್ಥಳ

ಕಳೆದ ತಿಂಗಳ ಒಂದು ಭಾನುವಾರ, ಎರಡನೆಯ ಬಲಿಪೂಜೆ ಮುಗಿದು ಜನರು ದೇವಾಲಯದ ಅಂಗಳದಿಂದ ಚದುರುತ್ತಿದ್ದ ಹೊತ್ತಿನಲ್ಲಿ ಯುವಕನೊಬ್ಬನು ನನ್ನ ಬಳಿಗೆ ಬಂದನು. ಹಾಸನದ ಕಡೆಯವನು, ಬಿ.ಟಿ.ಎಂ. ಬಡಾವಣೆಯ ಪಿ.ಜಿ.ಯೊಂದರಲ್ಲಿ ವಾಸ. ಅಂತರಜಾಲದ ತಾಣಗಳಿಗೆ ಲೇಖನಗಳನ್ನು ಬರೆದುಕೊಡುವುದೇ ಅವನ ಜೀವನೋಪಾಯ. ವಾರಕ್ಕೆ ಐದು ಲೇಖನಗಳನ್ನು ಒಪ್ಪಿಸಲೇಬೇಕು. ಒಂದೊಂದಕ್ಕೆ ಇಷ್ಟೆಂದು ಹಣ. “ಫಾದರ್, ಬರೆಯೋದು ಕಷ್ಟ ಅಲ್ಲ. ಏನು ಬರೀಬೇಕು ಅನ್ನೋದೇ ಕಷ್ಟ. ನೀವು ವಾರವಾರ ಪ್ರಸಂಗ ಮಾಡ್ತೀರಿ, ಪೇಪರಿಗೂ ಬರೀತೀರಿ. ನಿಮಗೆ ವಿಷಯ ಎಲ್ಲಿಂದ ಸಿಗುತ್ತೆ?” ಎಂದು ಕೇಳಿದನು.

ನನ್ನ ಉತ್ತರಕ್ಕೆ ಕಾಯದೆ ತನ್ನ ವಿಧಾನವನ್ನು ತಾನೇ ವಿವರಿಸಿದನು. ಬೆಳಿಗ್ಗೆ ಎದ್ದೊಡನೆ, ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರಿನಲ್ಲಿ ಯಾವ ಮಾತು ‘ಟ್ರೆಂಡಿಂಗ್’ ಎಂದು ನೋಡುವುದು. ಅನಂತರ ರೆಡಿಟ್‌ನ ಬೆಂಗಳೂರಿನ ಪುಟದಲ್ಲಿ ಯಾವ ದೂರಿಗೆ ಹೆಚ್ಚು ಉತ್ತರಗಳು ಬಂದಿವೆ ಎಂದು ಎಣಿಸುವುದು. ಜಯನಗರ, ಜೆ.ಪಿ. ನಗರದ ನಿವಾಸಿಗಳ ಫೇಸ್‌ಬುಕ್ ಗುಂಪುಗಳಲ್ಲಿ ಯಾವ ಪ್ರಶ್ನೆ ಮರಳಿ ಮರಳಿ ಬರುತ್ತಿದೆ ಎಂದು ಗುರುತಿಸುವುದು. ಮೂರು ಕಡೆಯಲ್ಲೂ ಒಂದೇ ಮಾತು ಕಂಡರೆ ಅದೇ ಅಂದಿನ ಲೇಖನ. ಒಟ್ಟು ಅರ್ಧ ಗಂಟೆಯ ಕೆಲಸ. ಆದರೂ ಬರೆದ ಮೇಲೆ ಅವನಿಗೆ ತೃಪ್ತಿಯಿಲ್ಲ. ಏಕೆಂದರೆ ಅದೇ ಹೊತ್ತಿಗೆ ಅದೇ ಪಟ್ಟಿಯನ್ನು ನೋಡಿದ ಇನ್ನೂ ಐವತ್ತು ಮಂದಿ ಅದೇ ಲೇಖನವನ್ನು ಬರೆದಿರುತ್ತಾರೆ.

ನನ್ನ ವಯಸ್ಸಿನವರಿಗೆ ಇಂಥದನ್ನು ಕೇಳಿದೊಡನೆ ಹುಬ್ಬು ಗಂಟಿಕ್ಕುವ ಅಭ್ಯಾಸವುಂಟು. ಆದರೆ ಅವನ ವಿಧಾನವನ್ನು ಪೂರ್ಣವಾಗಿ ತಳ್ಳಿಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ‘ಊರ ವರ್ತಮಾನ’ಕ್ಕೆ ತನ್ನಲ್ಲಿ ಸ್ಥಾನ ಕೊಟ್ಟಿತ್ತು. ಊರು ಏನು ಮಾತನಾಡುತ್ತಿದೆ ಎಂದು ಕಿವಿಗೊಡದ ಬರಹಗಾರನು ತನ್ನೊಂದಿಗೆ ತಾನೇ ಮಾತನಾಡುತ್ತಿರುತ್ತಾನೆ, ಅಷ್ಟೇ. ಅಂದಿನ ಜಗಲಿಕಟ್ಟೆಯ ಮಾತು ಇಂದು ಫೋನಿನೊಳಗೆ ನಡೆಯುತ್ತಿದ್ದರೆ ಅಲ್ಲಿಯೂ ಕಿವಿಗೊಡಬೇಕಾದದ್ದೇ.

ಆ ಯುವಕನು ತೋರಿಸಿದ ಗುಂಪೊಂದರಲ್ಲಿ ಒಂದು ಪ್ರಶ್ನೆಯನ್ನು ಕಂಡೆ. ತಾನು ಕಛೇರಿಗೆ ಹೋದಾಗ ವಯಸ್ಸಾದ ತಾಯಿಯ ಜೊತೆ ಹಗಲು ಹೊತ್ತು ಕುಳಿತಿರಲು ಯಾರಾದರೂ ಸಿಗುವರೇ ಎಂದು ಜಯನಗರದ ಮಹಿಳೆಯೊಬ್ಬರು ಕೇಳಿದ್ದರು. ಅದಕ್ಕೆ ಬಂದದ್ದು ನಾಲ್ಕೇ ಉತ್ತರ. ಅವನು ಅದನ್ನು ದಾಟಿ ಮುಂದೆ ಹೋಗಿದ್ದನು; ನಾನು ಅಲ್ಲಿಯೇ ನಿಂತೆ. 1948ರಲ್ಲಿ ಅಂದಿನ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರಿಂದ ಶಂಕುಸ್ಥಾಪನೆಯಾದ ಬಡಾವಣೆ ಅದು. ಎಳೆಯ ಸಂಸಾರಗಳು ಬಂದು ಮನೆ ಕಟ್ಟಿಕೊಂಡ ಆ ಅಡ್ಡರಸ್ತೆಗಳಲ್ಲಿ ಇಂದು ಎಷ್ಟು ಗೇಟುಗಳ ಹಿಂದೆ ಒಬ್ಬರೇ ವೃದ್ಧರು ಕುಳಿತಿದ್ದಾರೆ ಎಂಬುದನ್ನು, ಕಮ್ಯೂನಿಯನ್ ಕೊಡಲು ಮನೆಮನೆಗೆ ಹೋಗುವ ನಾನು ಬಲ್ಲೆ. ಆ ಒಂದು ಪ್ರಶ್ನೆಯಲ್ಲಿ ಹತ್ತು ಲೇಖನಗಳಿದ್ದವು. ಆದರೆ ಆ ಪ್ರಶ್ನೆ ‘ಟ್ರೆಂಡಿಂಗ್’ ಆಗಿರಲಿಲ್ಲ.

ಆಗುವುದೂ ಇಲ್ಲ. ಆ ಪಟ್ಟಿಯ ಸ್ವಭಾವವನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಹೆಚ್ಚು ಜನರಿಗೆ ಮುಖ್ಯವಾದುದನ್ನು ಅದು ತೋರಿಸುತ್ತದೆಂದು ಭಾವಿಸುತ್ತಾರೆ. ಅದು ತೋರಿಸುವುದು ಇದ್ದಕ್ಕಿದ್ದಂತೆ ಏರಿದ ಮಾತನ್ನು. ಅಳೆಯುವುದು ವೇಗವನ್ನು, ತೂಕವನ್ನಲ್ಲ. ದಿನವೂ ಇರುವ ಕಷ್ಟ ಎಂದಿಗೂ ಏರುವುದಿಲ್ಲ, ಏಕೆಂದರೆ ಅದು ಇಳಿದೇ ಇರುವುದಿಲ್ಲ. 2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ನೀರಿನ ಬರ ಜಗತ್ತಿಗೆಲ್ಲ ಸುದ್ದಿಯಾಯಿತು. ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆಜ್ಞೆ ಹೊರಡಿಸಿದಾಗ ಅದನ್ನು ಕುರಿತು ಬರೆಯದವರೇ ಇರಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ, ನಗರಕ್ಕೆ ಸೇರಿಸಲಾಗಿದ್ದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ನೀರು ತರುವ ಕಾವೇರಿ ಐದನೆಯ ಹಂತ ಉದ್ಘಾಟನೆಯಾಯಿತು. ಆ ನೀರು ಯಾರ ನಲ್ಲಿಗೆ ಬಂತು, ಯಾರದಕ್ಕೆ ಬರಲಿಲ್ಲ ಎಂದು ಬೀದಿಬೀದಿ ತಿರುಗಿ ಬರೆದವರನ್ನು ಮಾತ್ರ ನಾನು ಹೆಚ್ಚು ಕಾಣಲಿಲ್ಲ. ಮಳೆ ಬಿದ್ದಿತ್ತು, ಪಟ್ಟಿಯಿಂದ ನೀರು ಇಳಿದುಹೋಗಿತ್ತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2025ರ ಮೇ 18ರ ರಾತ್ರಿಯಿಂದ ಸುರಿದ ಮಳೆಗೆ ನಮ್ಮ ದಕ್ಷಿಣ ಬೆಂಗಳೂರಿನ ತಗ್ಗುಪ್ರದೇಶಗಳು ಕೆರೆಗಳಾದವು. ಸಿಲ್ಕ್ ಬೋರ್ಡ್ ವೃತ್ತದಲ್ಲಿ ನೀರಿನಲ್ಲಿ ನಿಂತ ವಾಹನಗಳ ಚಿತ್ರಗಳು, ಇನ್ನು ದೋಣಿಯಲ್ಲಿಯೇ ಕಛೇರಿಗೆ ಹೋಗಬೇಕೆಂಬ ಹಾಸ್ಯಗಳು ಫೋನುಗಳ ತುಂಬ ಓಡಾಡಿದವು. ನನಗೂ ಹತ್ತಾರು ಬಂದವು. ಒಂದೆರಡಕ್ಕೆ ನಾನೂ ನಕ್ಕೆನೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಮರುದಿನ, 19ರ ಸಂಜೆ, ಬಿ.ಟಿ.ಎಂ. ಎರಡನೆಯ ಹಂತದ ಎನ್.ಎಸ್. ಪಾಳ್ಯದ ವಸತಿ ಸಮುಚ್ಚಯವೊಂದರಲ್ಲಿ ನೆಲಮಾಳಿಗೆಗೆ ನುಗ್ಗಿದ ನೀರನ್ನು ಪಂಪಿನಿಂದ ಹೊರಹಾಕುವಾಗ ವಿದ್ಯುತ್ ಹರಿದು ಇಬ್ಬರು ಸತ್ತರು. ಒಬ್ಬರು ಅಲ್ಲಿಯ ನಿವಾಸಿಯಾದ ಹಿರಿಯರು. ಇನ್ನೊಬ್ಬನು ಅಲ್ಲಿಯೇ ಕೆಲಸಕ್ಕಿದ್ದವರ 12 ವರ್ಷದ ಮಗ. ಸುದ್ದಿಯೇನೋ ಎಲ್ಲ ಪತ್ರಿಕೆಗಳಲ್ಲಿಯೂ ಬಂತು. ಆದರೆ ಅಪಾರ್ಟ್‌ಮೆಂಟುಗಳ ಕಾವಲುಗಾರರ, ಕಸ ಗುಡಿಸುವವರ ಸಂಸಾರಗಳು ಯಾವ ಕೋಣೆಯಲ್ಲಿ ಮಲಗುತ್ತವೆ, ನೀರು ಬಂದಾಗ ಮೊದಲು ನೀರಿಗೆ ಇಳಿಯುವವರು ಯಾರು, ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ? ಇದನ್ನು ಯಾವ ಟ್ರೆಂಡಿಂಗ್ ಪಟ್ಟಿಯೂ ನಮಗೆ ಸೂಚಿಸಲಿಲ್ಲ. ಆ ಕುಟುಂಬಗಳು ನಿವಾಸಿಗಳ ಗುಂಪಿನ ಸದಸ್ಯರಲ್ಲ. ಅವರ ಪ್ರಶ್ನೆಯನ್ನು ಅಲ್ಲಿ ಕೇಳುವವರಿಲ್ಲ. ಕೇಳದ ಪ್ರಶ್ನೆಯನ್ನು ಎಣಿಸುವ ಯಂತ್ರವೂ ಇಲ್ಲ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವನೆಂಬ ಕಾರಣಕ್ಕೆ ಇಲ್ಲಿ ಒಂದು ಮಾತನ್ನು ಸೇರಿಸಲು ವಾಚಕರು ಅನುಮತಿ ಕೊಡಬೇಕು. ಅರಿಸ್ಟಾಟಲನ ತರ್ಕಗ್ರಂಥಗಳಲ್ಲಿ ಒಂದಕ್ಕೆ ‘ಟಾಪಿಕ್ಸ್’ ಎಂದು ಹೆಸರು. ಇಂದು ಎಲ್ಲರ ಬಾಯಲ್ಲಿರುವ ‘ಟಾಪಿಕ್’ ಎಂಬ ಪದದ ಮೂಲ ಗ್ರೀಕಿನ ‘ಟೋಪೋಸ್’. ಅದರ ಅರ್ಥ ಸ್ಥಳ. ವಾದಕ್ಕೆ ಬೇಕಾದ ಸಾಮಗ್ರಿ ದೊರೆಯುವ ಜಾಗಗಳನ್ನು ಅವನು ಹಾಗೆ ಕರೆದನು. ಅಚ್ಚರಿಯೆಂದರೆ ನಮ್ಮ ‘ವಿಷಯ’ ಎಂಬ ಪದವೂ ಅಂಥದೇ. ದರ್ಶನಶಾಸ್ತ್ರದಲ್ಲಿ ಅದು ಇಂದ್ರಿಯಗಳಿಗೆ ಗೋಚರವಾಗುವ ವಸ್ತು. ಹಳೆಯ ಶಾಸನಗಳಲ್ಲಾದರೋ ವಿಷಯವೆಂದರೆ ಒಂದು ಪ್ರಾಂತ. ರಾಷ್ಟ್ರಕೂಟರ ಆಡಳಿತದಲ್ಲಿ ಅದನ್ನು ನೋಡಿಕೊಳ್ಳುವ ಅಧಿಕಾರಿ ‘ವಿಷಯಪತಿ’. ಕಾಲಿಟ್ಟು ನಡೆಯಬಹುದಾದ ಭೂಮಿ, ಕಣ್ಣು ಕಿವಿಗಳಿಗೆ ಸಿಗುವ ವಸ್ತು, ಎರಡಕ್ಕೂ ಒಂದೇ ಪದ. ನಮ್ಮ ಯುವ ಬರಹಗಾರರು ‘ವಿಷಯ ಸಿಗಲಿಲ್ಲ’ ಎಂದು ಹೇಳುವಾಗ, ಅವರು ಎಲ್ಲಿಯೂ ಹೋಗಿಲ್ಲವೆಂದೇ ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಫೋನು ಬಿಟ್ಟು ಹೋಗಬೇಕೆಂದು ಇದರ ಅರ್ಥವಲ್ಲ. ಅದನ್ನು ಹಿಡಿದುಕೊಂಡೇ ಹೋದವರು ನಮ್ಮ ನಗರದಲ್ಲಿಯೇ ಇದ್ದಾರೆ. ವೃತ್ತಿಯಿಂದ ಎಂಜಿನಿಯರ್ ಆದ ಪಿ.ಎಲ್. ಉದಯಕುಮಾರ್ ಮತ್ತು ಅವರ ಗೆಳೆಯರು 2017ರಲ್ಲಿ ‘ಇನ್‌ಸ್ಕ್ರಿಪ್ಷನ್ ಸ್ಟೋನ್ಸ್ ಆಫ್ ಬೆಂಗಳೂರು’ ಎಂಬ ಫೇಸ್‌ಬುಕ್ ಗುಂಪನ್ನು ತೆರೆದರು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳು ದಾಖಲಾಗಿವೆ. ಅವುಗಳಲ್ಲಿ ಅನೇಕ ಕಲ್ಲುಗಳು ರಸ್ತೆಯ ಕೆಳಗೋ ಮನೆಯ ಅಡಿಪಾಯದಲ್ಲಿಯೋ ಕಳೆದುಹೋಗಿದ್ದವು. ಉಳಿದವು ಎಲ್ಲಿವೆ ಎಂದು ಇವರು ಗುಂಪಿನಲ್ಲಿ ವಿಚಾರಿಸುವುದು, ಯಾರೋ ಒಬ್ಬರು ತಮ್ಮ ಬೀದಿಯ ಕಲ್ಲಿನ ಚಿತ್ರ ಹಾಕುವುದು, ಇವರು ಅಲ್ಲಿಗೆ ಹೋಗಿ ಮುಟ್ಟಿ ಓದುವುದು, ಹೀಗೆ ಕೆಲಸ ನಡೆಯಿತು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರದೆಂದು ಗುರುತಿಸಲಾದ ಕಿತ್ತಯ್ಯನ ವೀರಗಲ್ಲಿಗೆ ಇಂದು ಒಂದು ಮಂಟಪವೇ ಇದೆ. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಮೂರು ಆಯಾಮದ ಪ್ರತಿಗಳೂ ಸಿದ್ಧವಾಗಿವೆ. ನಮ್ಮ ಪಕ್ಕದ ಬೇಗೂರಿನಲ್ಲಿ, ನಾಗೇಶ್ವರ ದೇವಸ್ಥಾನದ ಆವರಣದಲ್ಲಿ, ‘ಬೆಂಗಳೂರ ಕಾಳೆಗ’ವನ್ನು ಹೆಸರಿಸುವ ಸುಮಾರು ಕ್ರಿ.ಶ. 890ರ ಕಲ್ಲು ಇದೆ. ಜೆ.ಪಿ. ನಗರದಲ್ಲಿ ಹುಟ್ಟಿ ಬೆಳೆದು ಅದನ್ನು ಒಮ್ಮೆಯೂ ಕಾಣದವರು ಎಷ್ಟು ಮಂದಿಯೋ! ಫೇಸ್‌ಬುಕ್ ಅವರಿಗೆ ಬೆರಳು ಮಾಡಿ ತೋರಿಸಿತು. ಕಲ್ಲಿನ ಮೇಲಿನ ಮಣ್ಣನ್ನು ತೊಳೆದದ್ದು ಅವರ ಕೈ.

ಹೋಗಿ ನೋಡದಿದ್ದರೆ ಏನಾಗುತ್ತದೆ? ನನ್ನದೇ ಅನುಭವವನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ವಾಟ್ಸಾಪ್‌ನಲ್ಲಿ ಬಂದ, ಸಂತ ಅಗಸ್ಟೀನರದೆಂದು ಹೇಳಲಾದ ಸೊಗಸಾದ ಮಾತೊಂದನ್ನು ಆಧರಿಸಿ ಲೇಖನ ಬರೆದೆ. ವೃದ್ಧ ಸಿಸ್ಟರೊಬ್ಬರು, “ಫಾದರ್, ಇದು ಅವರ ಯಾವ ಗ್ರಂಥದಲ್ಲಿದೆ?” ಎಂದು ಮೃದುವಾಗಿ ಕೇಳಿದರು. ಮೂರು ದಿನ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ನಾಚಿಕೆ ಬೇರೆ ಬೇಕೆ? ನನ್ನ ತಪ್ಪಿನಿಂದ ಯಾರ ಪ್ರಾಣಕ್ಕೂ ಕುತ್ತು ಬರಲಿಲ್ಲ, ಅಷ್ಟೇ ಸಮಾಧಾನ. 2018ರ ಮೇ ತಿಂಗಳಿನಲ್ಲಿ ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆಂಬ ವದಂತಿ ಫೋನಿನಿಂದ ಫೋನಿಗೆ ಹರಿದು, ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ಅದೇ ಜುಲೈನಲ್ಲಿ ವಾಟ್ಸಾಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ಹಾಕಿತು. ಮಿತಿ ಯಂತ್ರಕ್ಕೆ ಬಂತು. ಹರಿದಾಡುವ ಮಾತನ್ನೇ ‘ವಿಷಯ’ವೆಂದು ಎತ್ತಿಕೊಂಡು ಅದಕ್ಕೆ ತಲೆಬರಹ ಹಚ್ಚಿ ಇನ್ನೂ ದೂರಕ್ಕೆ ಅಟ್ಟುವ ಲೇಖಕನಿಗೆ ಯಾವ ಮಿತಿಯೂ ಬರಲಿಲ್ಲ. ಅವನಿಗೆ ದುಡ್ಡು ಕೊಡುವವರು ಓದಿದವರ ತಲೆಗಳನ್ನು ಎಣಿಸಿ ಕೊಡುತ್ತಾರಾದುದರಿಂದ, ದೋಷವನ್ನು ಅವನೊಬ್ಬನ ತಲೆಗೆ ಕಟ್ಟುವುದೂ ನ್ಯಾಯವಲ್ಲ.

2021ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಪತ್ರಕರ್ತರಿಗೆ ಇದೇ ಎಚ್ಚರಿಕೆಯನ್ನು ಕೊಟ್ಟಿದ್ದರು. ಬೀದಿಗಿಳಿಯದೆ, ಪಾದರಕ್ಷೆ ಸವೆಸದೆ, ಗಣಕಯಂತ್ರದ ಮುಂದೆಯೇ ಸುದ್ದಿ ಸಿದ್ಧವಾಗುತ್ತಿದೆಯೆಂಬುದು ಅವರ ಆತಂಕ. ಆ ಸಂದೇಶಕ್ಕೆ ಅವರು ಆರಿಸಿಕೊಂಡದ್ದು ಸಂತ ಯೊವಾನ್ನರ ಶುಭಸಂದೇಶದ ಮೊದಲ ಅಧ್ಯಾಯದ ಪ್ರಸಂಗ. ನಜರೇತಿನಿಂದ ಒಳ್ಳೆಯದೇನು ಬಂದೀತು ಎಂದು ನತಾನಿಯೇಲನು ಊರಿನ ಮಾತನ್ನೇ ಆಡಿದಾಗ ಫಿಲಿಪ್ಪನು ವಾದಕ್ಕೆ ನಿಲ್ಲಲಿಲ್ಲ. ಬಂದು ಕಣ್ಣಾರೆ ನೋಡೆಂದು ಕರೆದನು. ನಜರೇತಿನ ಬಗ್ಗೆ ಅಂದು ಚಾಲ್ತಿಯಲ್ಲಿದ್ದ ಅಭಿಪ್ರಾಯವನ್ನು ಎಣಿಸಿದ್ದರೆ ನತಾನಿಯೇಲನೇ ಗೆಲ್ಲುತ್ತಿದ್ದನು.

ಆ ಯುವಕನಿಗೆ ನಾನು ಇಷ್ಟೆಲ್ಲ ಉಪದೇಶ ಮಾಡಲಿಲ್ಲ. ಅವನ ಫೋನಿನಲ್ಲಿದ್ದ ದೂರುಗಳಲ್ಲಿ ಒಂದನ್ನು, ಮುಂಜಾನೆ ನೀರಿನ ಟ್ಯಾಂಕರುಗಳು ಅಡ್ಡರಸ್ತೆಯನ್ನು ಮುಚ್ಚಿ ನಿಲ್ಲುತ್ತವೆಂಬುದನ್ನು, ತೋರಿಸಿ, “ಇದಕ್ಕೆ ಎಷ್ಟು ಉತ್ತರ ಬಂದಿದೆ ಅನ್ನೋದು ಬಿಡಪ್ಪಾ. ನಾಳೆ ಐದು ಗಂಟೆಗೆ ಅಲ್ಲಿಗೆ ಹೋಗಿ ನಿಂತ್ಕೋ” ಎಂದೆ.

ಎರಡು ವಾರ ಕಳೆದು ಬಂದನು. ಕೈಯಲ್ಲಿ ಫೋನಿನ ಜೊತೆಗೆ ಒಂದು ನೋಟು ಪುಸ್ತಕವಿತ್ತು. ಟ್ಯಾಂಕರ್ ಚಾಲಕನು ರಾತ್ರಿ ಎರಡಕ್ಕೆ ಕೊಳವೆಬಾವಿಯ ಸರದಿಯಲ್ಲಿ ನಿಲ್ಲುವುದು, ಬಾವಿಯಲ್ಲಿ ನೀರು ಸಣ್ಣಗಾದಂತೆ ಸರದಿ ಉದ್ದವಾಗುವುದು, ಮೇಲಿನ ಮಹಡಿಯವರು ಏಳುವ ಮೊದಲೇ ತೊಟ್ಟಿ ತುಂಬಬೇಕೆಂಬ ಕರಾರು, ಎಲ್ಲವನ್ನೂ ಬರೆದುಕೊಂಡಿದ್ದನು. ಲೇಖನ ಪ್ರಕಟವಾಯಿತಂತೆ. ಓದಿದವರು ಬಹಳ ಕಡಿಮೆ. ಆದರೆ ದೂರು ಬರೆದಿದ್ದವರೇ ಅವನಿಗೆ ಪತ್ರ ಬರೆದು ಆ ಚಾಲಕನ ಹೆಸರು ಕೇಳಿದರಂತೆ. ಎರಡು ವರ್ಷ ಅದೇ ಗಾಡಿಯಿಂದ ನೀರು ತರಿಸಿಕೊಂಡರೂ ಅವರಿಗೆ ಅದು ಗೊತ್ತಿರಲಿಲ್ಲ. “ವಾರಕ್ಕೆ ಐದು ಹೀಗೆ ಬರೆಯೋಕೆ ಆಗಲ್ಲ ಫಾದರ್, ಒಂದಾದರೆ ಆಗುತ್ತೆ” ಎಂದನು. ಮುಂದಿನದಕ್ಕಾಗಿ, ಮನೆಗೆಲಸದ ಹೆಂಗಸರು ಬೆಳಗಿನ ಬಸ್ಸಿಗೆ ಕಾಯುವ ಬನಶಂಕರಿಯ ನಿಲ್ದಾಣಕ್ಕೆ ಹೋಗಿ ಬರುತ್ತಿದ್ದಾನೆ.