ಕಡಲ ಹಿಂಸ್ರಜೀವಿಗೂ ಅಭಯ

ಹತ್ತನೆಯ ಶತಮಾನದ ಆಚಾರ್ಯ ಅಮೃತಚಂದ್ರರು ತಮ್ಮ ‘ಪುರುಷಾರ್ಥಸಿದ್ಧ್ಯುಪಾಯ’ ಗ್ರಂಥದಲ್ಲಿ ಹಿಂಸೆಯ ಸಮರ್ಥನೆಗೆ ಲೋಕ ಮುಂದಿಡುವ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಪರಿಶೀಲಿಸಿದ್ದಾರೆ. ಅವುಗಳಲ್ಲಿ ಒಂದು ವಾದದ ತಾತ್ಪರ್ಯ ಇದು: ಹಿಂಸ್ರಪ್ರಾಣಿ ಬದುಕಿದ್ದಷ್ಟು ಕಾಲ ಅನೇಕ ಜೀವಿಗಳನ್ನು ಕೊಲ್ಲುತ್ತದೆ, ಆದುದರಿಂದ ಆ ಒಂದನ್ನು ಕೊಂದು ಅನೇಕವನ್ನು ಉಳಿಸುವುದು ದೋಷವಲ್ಲ. ಕೇಳುವುದಕ್ಕೆ ಕರುಣೆಯ ಮಾತಿನಂತೆ ತೋರುವ ಈ ವಾದವನ್ನು ಆಚಾರ್ಯರು ಒಪ್ಪುವುದಿಲ್ಲ. ಹಿಂಸ್ರಜೀವಿಯೂ ವಧಾರ್ಹವಲ್ಲ ಎಂಬುದು ಅವರ ನಿರ್ಣಯ. ಸಾವಿರ ವರ್ಷಗಳ ಹಿಂದಿನ ಈ ನಿರ್ಣಯವನ್ನು ಇಂದು ಮರಳಿ ಓದುವಂತೆ ಮಾಡುವ ಜೀವಿ ಶಾರ್ಕ್. ಕನ್ನಡ ಕರಾವಳಿಯವರ ಬಾಯಲ್ಲಿ ಅದು ತಾಟೆ ಮೀನು.

ಶಾರ್ಕ್‌ಗಳ ವಂಶ ನಲವತ್ತು ಕೋಟಿ ವರ್ಷಗಳಿಗೂ ಹಳೆಯದು. ಡೈನೋಸಾರ್‌ಗಳು ಹುಟ್ಟುವ ಮೊದಲೇ ಅವು ಕಡಲಿನಲ್ಲಿದ್ದವು. ಡೈನೋಸಾರ್‌ಗಳು ಅಳಿದ ಮೇಲೂ ಉಳಿದವು. ಈಗ ಇರುವ ಪ್ರಭೇದಗಳು 500ಕ್ಕೂ ಹೆಚ್ಚು. ಇವುಗಳಲ್ಲಿ ಮನುಷ್ಯನಿಗೆ ಅಪಾಯ ತರಬಲ್ಲವು ಬೆರಳೆಣಿಕೆಯವು. ಆದರೂ 1975ರಲ್ಲಿ ತೆರೆಕಂಡ ‘ಜಾಸ್’ ಚಲನಚಿತ್ರ ಇಡೀ ಕುಲಕ್ಕೇ ನರಭಕ್ಷಕನೆಂಬ ಹೆಸರನ್ನು ಅಂಟಿಸಿತು. ಅದರ ಮೂಲ ಕಾದಂಬರಿ ಬರೆದ ಪೀಟರ್ ಬೆಂಚ್ಲಿ ಅನಂತರ ಪಶ್ಚಾತ್ತಾಪಪಟ್ಟು, ಬದುಕಿನ ಉತ್ತರಾರ್ಧವನ್ನು ಶಾರ್ಕ್‌ಗಳ ರಕ್ಷಣೆಗೆ ಮೀಸಲಿಟ್ಟರು. ಜಗತ್ತಿನಾದ್ಯಂತ ಶಾರ್ಕ್ ದಾಳಿಯಿಂದ ಸಾಯುವವರ ಸಂಖ್ಯೆ ವರ್ಷಕ್ಕೆ ಸರಾಸರಿ ಹತ್ತನ್ನೂ ಮುಟ್ಟುವುದಿಲ್ಲ. ಮನುಷ್ಯನಿಂದ ಸಾಯುವ ಶಾರ್ಕ್‌ಗಳು ವರ್ಷಕ್ಕೆ ಸುಮಾರು ಎಂಟು ಕೋಟಿ ಎಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಹಿಂಸ್ರ ಎಂಬ ವಿಶೇಷಣ ಯಾರಿಗೆ ಸಲ್ಲಬೇಕೆಂಬುದನ್ನು ಈ ಎರಡು ಸಂಖ್ಯೆಗಳೇ ಹೇಳುತ್ತವೆ.

ಶಾರ್ಕ್ ಬೇಟೆಯಾಡುತ್ತದೆ, ನಿಜ. ಅದು ಪಂಚೇಂದ್ರಿಯ ಜಲಚರ, ತಿರ್ಯಂಚಗತಿಯಲ್ಲಿರುವ ಜೀವ. ಹಸಿವೆಗೆ ಮೀರಿದ ಸಂಗ್ರಹ ಅದಕ್ಕೆ ತಿಳಿಯದು. ಅದರ ಬೇಟೆಯಿಂದ ಸಮುದ್ರದಲ್ಲಿ ಆಗುವ ಪರಿಣಾಮವನ್ನು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ ವಿಜ್ಞಾನಿಗಳು ದೀರ್ಘಕಾಲ ಅಭ್ಯಸಿಸಿದ್ದಾರೆ. ಅಲ್ಲಿನ ವಿಶಾಲವಾದ ಕಡಲಹುಲ್ಲಿನ ಬಯಲುಗಳಲ್ಲಿ ಕಡಲಹಸುಗಳೂ ಆಮೆಗಳೂ ಮೇಯುತ್ತವೆ. ಹುಲಿಶಾರ್ಕ್‌ಗಳ ಸುಳಿವಿರುವಾಗ ಅವು ಒಂದೇ ಕಡೆ ನಿಲ್ಲದೆ ಚದರಿ ಮೇಯುತ್ತವೆ. ಹುಲ್ಲು ಬುಡಸಮೇತ ನಾಶವಾಗದೆ ಮತ್ತೆ ಚಿಗುರುತ್ತದೆ. ಆ ಹುಲ್ಲು ಮರಿಮೀನುಗಳಿಗೆ ಆಸರೆ. ಗಾಳಿಯ ಇಂಗಾಲವನ್ನು ಹೀರಿ ಮಣ್ಣಿನಲ್ಲಿ ಹುದುಗಿಸುವ ಸಾಧನವೂ ಹೌದು. ಜೀವಗಳು ಒಂದಕ್ಕೊಂದು ಉಪಕಾರಿಗಳಾಗಿವೆ ಎಂದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರ ತಿಳಿಸುವ ತತ್ತ್ವ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಅನೇಕವನ್ನು ಉಳಿಸಲು ಒಂದನ್ನು ಕೊಲ್ಲಬಹುದೆಂಬ ಹಳೆಯ ಲೆಕ್ಕ, ಲೆಕ್ಕವಾಗಿಯೂ ತಪ್ಪಾಗಿತ್ತು. ಆದರೆ ಜೈನದರ್ಶನದ ಅಭಯಕ್ಕೆ ಈ ಉಪಯುಕ್ತತೆಯೇ ಆಧಾರವಲ್ಲ. ಯಾವ ಪ್ರಯೋಜನಕ್ಕೂ ಬಾರದಿದ್ದರೂ ಜೀವ ಜೀವವೇ. ಅದಕ್ಕೂ ಬದುಕು ಪ್ರಿಯ.

ಶಾರ್ಕ್‌ಗಳ ಸಂಕಟಕ್ಕೆ ಅವುಗಳ ದೇಹಧರ್ಮವೂ ಕಾರಣ. ಬಂಗುಡೆ, ಬೂತಾಯಿಗಳಂತೆ ಅವು ಲಕ್ಷಗಟ್ಟಲೆ ಮೊಟ್ಟೆಯಿಡುವುದಿಲ್ಲ. ಬಹುಪಾಲು ಪ್ರಭೇದಗಳು ಪ್ರಾಯಕ್ಕೆ ಬರಲು ಹಲವು ವರ್ಷ ಬೇಕು. ಕೆಲವು ಎರಡು ವರ್ಷ ಗರ್ಭ ಧರಿಸಿ ಕೆಲವೇ ಮರಿಗಳನ್ನು ಹೆರುತ್ತವೆ. ಉತ್ತರದ ಹಿಮಸಮುದ್ರದ ಗ್ರೀನ್‌ಲ್ಯಾಂಡ್ ಶಾರ್ಕ್ ತಾಯಿಯಾಗಲು ಸುಮಾರು 150 ವರ್ಷ ಕಾಯಬೇಕೆಂದು ಅಂದಾಜಿಸಲಾಗಿದೆ. ಇಷ್ಟು ನಿಧಾನವಾಗಿ ಬೆಳೆಯುವ ಕುಲ, ಯಂತ್ರದೋಣಿಗಳ ವೇಗವನ್ನು ತಾಳಲಾರದು. 1970ರಿಂದ ಈಚಿನ ಅರ್ಧ ಶತಮಾನದಲ್ಲಿ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಮೀನುಗಳ ಸಂಖ್ಯೆ ಶೇ 71ರಷ್ಟು ಕುಸಿಯಿತೆಂದು 2021ರಲ್ಲಿ ‘ನೇಚರ್’ ಪತ್ರಿಕೆ ವರದಿ ಮಾಡಿತು.

ಕೊಲೆಯ ರೀತಿ ಇನ್ನೂ ದಾರುಣ. ಔತಣದ ಸೂಪಿಗಾಗಿ ರೆಕ್ಕೆಗಳನ್ನು ಕತ್ತರಿಸಿ, ಉಳಿದ ದೇಹವನ್ನು ಜೀವವಿರುವಾಗಲೇ ಕಡಲಿಗೆ ಎಸೆಯುವ ಪದ್ಧತಿ ಹಲವು ಸಾಗರಗಳಲ್ಲಿ ಬೆಳೆಯಿತು. ಈಜಲಾರದ ಶಾರ್ಕ್ ತಳಕ್ಕಿಳಿದು ಸಾಯುತ್ತದೆ. ಶ್ರಾವಕಾಚಾರಗಳು ಪ್ರಯೋಜನವಿಲ್ಲದ ಹಿಂಸೆಯನ್ನು ಅನರ್ಥದಂಡವೆಂದು ಕರೆದು, ಅದರಿಂದ ದೂರವಿರುವುದನ್ನು ಪ್ರತ್ಯೇಕ ವ್ರತವಾಗಿಯೇ ವಿಧಿಸಿವೆ. ಪ್ರಾಣಿಗಳ ಅಂಗಾಂಗಗಳ ವ್ಯಾಪಾರವನ್ನು ದಂತವಾಣಿಜ್ಯವೆಂದು ಹೆಸರಿಸಿ, ಗೃಹಸ್ಥನು ತೊರೆಯಬೇಕಾದ ಹದಿನೈದು ವೃತ್ತಿಗಳಲ್ಲಿ ಸೇರಿಸಿವೆ. ಆನೆಯ ದಂತಕ್ಕೆ ಹೇಳಿದ ಮಾತು ಶಾರ್ಕಿನ ರೆಕ್ಕೆಗೂ ಸಲ್ಲುತ್ತದೆ.

ರಾಜ್ಯಶಾಸನಗಳು ಸುಮ್ಮನೆ ಕುಳಿತಿಲ್ಲ. ರೆಕ್ಕೆ ದೇಹಕ್ಕೆ ಅಂಟಿಕೊಂಡಿರುವಂತೆಯೇ ಶಾರ್ಕನ್ನು ದಡಕ್ಕೆ ತರಬೇಕೆಂದು ಭಾರತ 2013ರಲ್ಲಿ ನೀತಿ ರೂಪಿಸಿತು. 2015ರಲ್ಲಿ ರೆಕ್ಕೆಗಳ ರಫ್ತನ್ನೇ ನಿಷೇಧಿಸಿತು. 2022ರ ನವೆಂಬರಿನಲ್ಲಿ ಪನಾಮದಲ್ಲಿ ನಡೆದ ಸೈಟಿಸ್ ಸಮ್ಮೇಳನ, ರೆಕ್ಕೆವ್ಯಾಪಾರಕ್ಕೆ ಅತಿ ಹೆಚ್ಚು ಬಲಿಯಾಗುವ ಒಂದು ಇಡೀ ಕುಟುಂಬದ ಶಾರ್ಕ್‌ಗಳನ್ನು ನಿಯಂತ್ರಿತ ವ್ಯಾಪಾರದ ಪಟ್ಟಿಗೆ ತಂದಿತು. ಆದರೂ, ರೆಕ್ಕೆ ಕತ್ತರಿಸುವುದರ ವಿರುದ್ಧ ಕಾನೂನುಗಳು ಹೆಚ್ಚಿದ ಕಾಲದಲ್ಲಿಯೇ ಸಾವುಗಳು ಇಳಿಯಲಿಲ್ಲ ಎಂಬುದು 2024ರ ಅಧ್ಯಯನದ ಮುಖ್ಯ ಶೋಧ. ರೆಕ್ಕೆಯೊಂದೇ ಬೇಡವೆಂದಾಗ ಇಡೀ ದೇಹಕ್ಕೆ ಮಾರುಕಟ್ಟೆ ಹುಟ್ಟಿತು. ಕಾನೂನು ಹಿಂಸೆಯ ಒಂದು ರೂಪವನ್ನು ತಡೆಯಬಲ್ಲದು. ಹಿಂಸೆಯ ಬೇರಾದ ಲೋಭಕಷಾಯ ಇನ್ನೊಂದು ರೂಪ ತಳೆಯುತ್ತದೆ.

ಹಾಗಾದರೆ ಮನಸ್ಸು ಬದಲಾಗುವುದೆಂತು? ಇದಕ್ಕೆ ಒಂದು ಉತ್ತರ ಸೌರಾಷ್ಟ್ರದ ತೀರದಲ್ಲಿ ದೊರೆಯುತ್ತದೆ. ಜುನಾಗಢದ ಗಿರಿನಾರ್ ಪರ್ವತ ಭಗವಾನ್ ನೇಮಿನಾಥರ ನಿರ್ವಾಣಭೂಮಿ. ವಿವಾಹದ ಔತಣಕ್ಕೆಂದು ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನ ಕೇಳಿ, ಮದುವೆಯ ಮೆರವಣಿಗೆಯಿಂದ ರಥವನ್ನು ಹಿಂದಿರುಗಿಸಿ ತಪಸ್ಸಿಗೆ ತೆರಳಿದ ತೀರ್ಥಂಕರರು ಅವರು. ಕಡಲಿನಲ್ಲಿ ಹುಟ್ಟುವ ಶಂಖ ಅವರ ಲಾಂಛನ. ಅದೇ ಸೀಮೆಯ ಮಾಂಗ್ರೋಲ್, ವೆರಾವಲ್ ತೀರಗಳಲ್ಲಿ ತೊಂಬತ್ತರ ದಶಕದಲ್ಲಿ ಪ್ರತಿವರ್ಷ ನೂರಾರು ತಿಮಿಂಗಿಲ ಶಾರ್ಕ್‌ಗಳನ್ನು ಕೊಲ್ಲಲಾಗುತ್ತಿತ್ತು. ಹನ್ನೆರಡು ಮೀಟರಿಗೂ ಮೀರಿ ಬೆಳೆಯುವ ಈ ಜೀವಿ ಜಗತ್ತಿನ ಅತಿದೊಡ್ಡ ಮೀನು. ಸೂಕ್ಷ್ಮ ಪ್ಲವಕಗಳನ್ನೂ ಸಣ್ಣ ಮೀನುಗಳನ್ನೂ ಸೋಸಿ ತಿನ್ನುವ ಸಾಧುಪ್ರಾಣಿ. ಬೇಟೆಗೆ ಪೀಪಾಯಿಗಳನ್ನು ಬಳಸುತ್ತಿದ್ದುದರಿಂದ ಅದನ್ನು ‘ಬ್ಯಾರಲ್’ ಎಂದೇ ಕರೆಯುತ್ತಿದ್ದರು. 2000ದಲ್ಲಿ ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಈ ವಧೆಯನ್ನು ಲೋಕಕ್ಕೆ ತೋರಿಸಿತು. 2001ರಲ್ಲಿ ಕಾನೂನಿನ ರಕ್ಷಣೆ ದೊರೆಯಿತು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತಿನ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ ಆರಂಭಿಸಿದ ಅಭಿಯಾನದಲ್ಲಿ ಮೊರಾರಿ ಬಾಪು ಊರೂರಿಗೆ ಒಂದು ಮಾತು ಹೇಳಿದರು: ಈ ಮೀನು ಹೆರಿಗೆಗೆ ತವರಿಗೆ ಬರುವ ಮಗಳು. ‘ಬ್ಯಾರಲ್’ ಹೋಗಿ ‘ವ್ಹಾಲಿ’, ಅಂದರೆ ಪ್ರಿಯಳು, ಎಂಬ ಹೆಸರು ಬಂದಿತು. ಈಟಿ ಎಸೆಯುತ್ತಿದ್ದ ಮೀನುಗಾರರೇ, ಬಲೆಗೆ ಸಿಕ್ಕ ವ್ಹಾಲಿಯನ್ನು ತಮ್ಮ ಬಲೆ ಕತ್ತರಿಸಿ ಬಿಡತೊಡಗಿದರು. ಹೀಗೆ ಬಿಡುಗಡೆಯಾದವು ನೂರಾರು.

ಈ ಘಟನೆಯಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕತ್ತರಿಸಿದ ಬಲೆಗೆ ಸರ್ಕಾರ ಪರಿಹಾರ ನೀಡಿತು. ಮೀನುಗಾರನ ಮನೆಯ ಒಲೆ ಆರದಂತೆ ನೋಡಿಕೊಂಡ ಕರುಣೆ ಇದು. ಮಂಗಳೂರು, ಮಲ್ಪೆಯ ಬಂದರುಗಳಲ್ಲಿ ಬೇರೆ ಮೀನಿಗೆ ಬೀಸಿದ ಬಲೆಯಲ್ಲಿ ತಾಟೆಯ ಮರಿ ಸಿಕ್ಕಿದರೆ, ಸಾಲ ಮಾಡಿ ಡೀಸೆಲ್ ತುಂಬಿಸಿದವನಿಗೆ ಅದು ಆ ದಿನದ ಗಳಿಕೆ. ಅವನ ದೃಷ್ಟಿಯನ್ನೂ ಒಂದು ನಯವೆಂದು ಅರಿಯದೆ ದೂರದಿಂದ ದೂಷಿಸುವುದು ಅನೇಕಾಂತಕ್ಕೆ ತಕ್ಕುದಲ್ಲ. ಅಹಿಂಸೆಯ ಭಾರವನ್ನೆಲ್ಲ ಬಡವನ ಹೆಗಲಿಗೆ ಹೊರಿಸಿ ಉಳಿದವರು ಪುಣ್ಯ ಸಂಪಾದಿಸಲಾಗದು.

ಮೀನನ್ನೇ ಮುಟ್ಟದ ಶ್ರಾವಕನಿಗೆ ಇದರಲ್ಲಿ ಪಾಲಿಲ್ಲವೆ? ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದುದನ್ನು ಅನುಮೋದಿಸುವುದು, ಈ ಮೂರರಿಂದಲೂ ಕರ್ಮಾಸ್ರವವೆಂದು ಸಿದ್ಧಾಂತ ಹೇಳುತ್ತದೆ. ಆಳಸಾಗರದ ಶಾರ್ಕ್‌ಗಳ ಯಕೃತ್ತಿನಿಂದ ತೆಗೆದ ಸ್ಕ್ವಾಲೀನ್ ಸೌಂದರ್ಯಲೇಪಗಳಲ್ಲಿ ಸೇರಿದೆ. ಅದರ ಮೃದ್ವಸ್ಥಿಯ ಪುಡಿ ಕೀಲುನೋವಿನ ಗುಳಿಗೆಯಾಗಿದೆ. ಆಲಿವ್ ಎಣ್ಣೆಯಿಂದಲೂ ಸ್ಕ್ವಾಲೀನ್ ದೊರೆಯುವಾಗ, ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವುದು, ಮೂಲ ತಿಳಿಯದಿದ್ದರೆ ಅಂಗಡಿಯಾತನನ್ನು ವಿಚಾರಿಸುವುದು ಅಹಿಂಸಾಣುವ್ರತದ ಭಾಗವೇ ಆಗುತ್ತದೆ. ಹೂಡಿದ ಹಣ ಯಾವ ಉದ್ಯಮವನ್ನು ಪೋಷಿಸುತ್ತಿದೆ ಎಂಬ ಪರಿಶೀಲನೆಯೂ ಹಾಗೆಯೇ.

ಹಸುವಿಗೆ, ಪಾರಿವಾಳಕ್ಕೆ ಅಭಯ ನೀಡುವುದು ಸುಲಭ; ಅವು ಯಾರನ್ನೂ ಹೆದರಿಸುವುದಿಲ್ಲ. ಕಣ್ಣಿಗೆ ಕಾಣದ, ಮನಸ್ಸಿಗೆ ಭಯ ತರುವ ಜೀವಿಗೂ ಅದೇ ಅಭಯ ದೊರೆತಾಗ ಮಾತ್ರ ವ್ರತ ಪೂರ್ಣವಾಗುತ್ತದೆ. ನೇಮಿನಾಥರು ಅಂದು ಕೇಳಿದ್ದು ಕೂಗಬಲ್ಲ ಪ್ರಾಣಿಗಳ ದನಿ. ಶಾರ್ಕಿಗೆ ಕೂಗಲು ದನಿಯಿಲ್ಲ.