ಕಂಪ್ಯೂಟರ್‌ಗೆ ರ‍್ಯಾಮ್ ಎಲ್ಲಿ ಕೊಳ್ಳಬೇಕು? ಫಾರ್ವರ್ಡ್ ನಂಬುವ ಮುನ್ನ ಇಷ್ಟು ತಿಳಿದಿರಲಿ

“ಅರ್ಧ ಬೆಲೆಗೆ 16 ಜಿಬಿ ರ‍್ಯಾಮ್, ಸ್ಟಾಕ್ ಇರುವವರೆಗೆ ಮಾತ್ರ!” ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕರ್ಕಿಯಂಥ ಊರಿನಲ್ಲಿರುವವರಿಗೆ ಆಸೆಯಾಗುವುದು ಸಹಜ. ಕಂಪ್ಯೂಟರ್ ಬಿಡಿಭಾಗ ಬೇಕೆಂದರೆ ಹೊನ್ನಾವರಕ್ಕೋ ಕುಮಟಾಕ್ಕೋ ಹೋಗಬೇಕು, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಬೇಕು. ಹಾಗಾದರೆ ಕಡಿಮೆ ಬೆಲೆಯ, ನಂಬಬಹುದಾದ ರ‍್ಯಾಮ್ ಸಿಗುವುದೆಲ್ಲಿ? ಅಂಗಡಿ ಹುಡುಕುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಬೇಕು: ನಿಮಗೆ ರ‍್ಯಾಮ್ ನಿಜವಾಗಿ ಬೇಕೇ? ಬೇಕಾದರೆ ಯಾವುದು?

ನಿಧಾನಕ್ಕೆ ರ‍್ಯಾಮ್ ಕಾರಣವೇ?

ಹಾರ್ಡ್ ಡಿಸ್ಕ್ ಮನೆಯ ಉಗ್ರಾಣ ಇದ್ದಂತೆ, ರ‍್ಯಾಮ್ ಅಡುಗೆ ಕಟ್ಟೆ ಇದ್ದಂತೆ. ಕಟ್ಟೆ ಚಿಕ್ಕದಾದರೆ ಪ್ರತಿ ಸಾಮಾನಿಗೂ ಉಗ್ರಾಣಕ್ಕೆ ಓಡಬೇಕಾಗುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟ ನೋಡಿ. ದಿನನಿತ್ಯದ ಕೆಲಸದಲ್ಲೇ ಮೆಮೊರಿ 90 ಶೇಕಡಾ ದಾಟಿ ನಿಲ್ಲುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ 100 ಶೇಕಡಾ ತೋರಿಸುತ್ತಿದ್ದರೆ ಹಳೆಯ ಹಾರ್ಡ್ ಡಿಸ್ಕ್ ಮೇಲೆಯೇ ಅನುಮಾನ ಪಡಬೇಕು. ಆಗ ರ‍್ಯಾಮ್‌ಗೆ ಹಾಕಿದ ಹಣ ದಂಡ, ಎಸ್‌ಎಸ್‌ಡಿ ಹಾಕಿಸಿದರೆ ಫಲ ಕಾಣುತ್ತದೆ.

ಇನ್ನೂ ಎರಡು ಮಾತು. 32 ಬಿಟ್ ವಿಂಡೋಸ್ 10 ಇರುವ ಹಳೆಯ ಕಂಪ್ಯೂಟರ್‌ಗೆ 8 ಜಿಬಿ ಹಾಕಿದರೂ ಅದು 4 ಜಿಬಿಗಿಂತ ಹೆಚ್ಚು ಬಳಸಲಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. “ರ‍್ಯಾಮ್ ಹೆಚ್ಚಿಸಿದರೆ ವಿಂಡೋಸ್ 11 ಬರುತ್ತದೆ” ಎಂದು ಯಾರಾದರೂ ಹೇಳಿದರೆ ಪ್ರೊಸೆಸರ್ ಕೂಡ ಅದಕ್ಕೆ ಹೊಂದಬೇಕು ಎಂಬುದು ನೆನಪಿರಲಿ.

ಕೆಲವೊಮ್ಮೆ ಕೊಳ್ಳುವ ಅಗತ್ಯವೇ ಇಲ್ಲ

ಕರಾವಳಿಯ ಉಪ್ಪು ಬೆರೆತ ತೇವದ ಗಾಳಿಗೆ ಲೋಹದ ಭಾಗಗಳು ಬೇಗ ಕಿಲುಬು ಹಿಡಿಯುತ್ತವೆ. ಮಳೆಗಾಲದಲ್ಲಿ ಕಂಪ್ಯೂಟರ್ ಬೀಪ್ ಬೀಪ್ ಎಂದು ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್ ಸತ್ತೇ ಹೋಗಿದೆ ಎಂದುಕೊಳ್ಳಬೇಡಿ. ವಿದ್ಯುತ್ ತಂತಿ ಕಿತ್ತು, ರ‍್ಯಾಮ್ ತೆಗೆದು, ಅದರ ಬಂಗಾರ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸುವುದು ರಿಪೇರಿಯವರು ಮೊದಲು ಮಾಡುವ ಕೆಲಸ. ಎಷ್ಟೋ ಸಲ ಇಷ್ಟಕ್ಕೇ ಯಂತ್ರ ಎದ್ದು ಕೂರುತ್ತದೆ.

ಯಾವ ರ‍್ಯಾಮ್?

ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪ್ ರ‍್ಯಾಮ್ ಚಿಕ್ಕದು, ಡೆಸ್ಕ್‌ಟಾಪ್‌ನದು ಉದ್ದ. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದನ್ನು ಹೆಚ್ಚಿಸಲಾಗದು. ಇರುವ ರ‍್ಯಾಮ್‌ನ ಚೀಟಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಅಂಗಡಿಗೆ ಒಯ್ದರೆ ಅರ್ಧ ಗೊಂದಲ ಮುಗಿಯಿತು.

ಹಾಗಾದರೆ ಎಲ್ಲಿ?

ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ತಯಾರಿಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಆದ್ದರಿಂದ ಬ್ರ್ಯಾಂಡ್ ಹೆಸರಿನಷ್ಟೇ ಮುಖ್ಯವಾದವು ಬಿಲ್, ವಾರಂಟಿ ಮತ್ತು ಹಿಂದಿರುಗಿಸುವ ಅವಕಾಶ.

ಪೇಟೆಯ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ ಹೆಚ್ಚಾಗಬಹುದು. ಆದರೆ ನಿಮ್ಮೆದುರೇ ಹಾಕಿ ತೋರಿಸುತ್ತಾರೆ, ಕೆಟ್ಟರೆ ಅಲ್ಲಿಗೇ ಹೋಗಿ ಕೇಳಬಹುದು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಾಲು ಸಾಲು ಅಂಗಡಿಗಳಿವೆ, ಚೌಕಾಸಿಗೂ ಅವಕಾಶವಿದೆ. ಅಲ್ಲಿಂದ ಯಾರಾದರೂ ತಂದುಕೊಡುವುದಾದರೆ ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ ಎನ್ನಿ. ರಾತ್ರಿ ಬಸ್ಸು ಹತ್ತಿ ಬದಲಾಯಿಸಲು ಹೋಗುವಷ್ಟರಲ್ಲಿ ಉಳಿತಾಯ ಬಸ್ ಚಾರ್ಜಿಗೇ ಹೋದೀತು. ಆನ್‌ಲೈನ್‌ನಲ್ಲಾದರೆ ಮಾರಾಟಗಾರ ಯಾರು, ಹಿಂದಿರುಗಿಸಲು ಎಷ್ಟು ದಿನ ಎಂಬುದನ್ನು ಓದಿ. ತೀರಾ ಅಗ್ಗದ ಕೆಲವು ಡಿಡಿಆರ್3 ರ‍್ಯಾಮ್‌ಗಳು ಎಎಂಡಿ ಬೋರ್ಡ್‌ಗಳಲ್ಲಿ ಮಾತ್ರ ನಡೆಯುತ್ತವೆ. ಇಂಟೆಲ್ ಯಂತ್ರಕ್ಕೆ ಹಾಕಿದರೆ ಕಂಪ್ಯೂಟರ್ ಶುರುವೇ ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಎಂದರೆ ಮೋಸ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತದೆ. ರ‍್ಯಾಮ್‌ಗೆ ಅಂಥ ಸವೆತವಿಲ್ಲ. ಹಳೆಯ ಡಿಡಿಆರ್3 ಯಂತ್ರಕ್ಕೆ, ಪರೀಕ್ಷಿಸಿ ಕೊಡುವ ಅಂಗಡಿಯಿಂದ ಬಳಸಿದ ರ‍್ಯಾಮ್ ಕೊಂಡರೆ ತಪ್ಪಿಲ್ಲ. ಹೊಸದಿರಲಿ, ಹಳೆಯದಿರಲಿ, ತಂದ ದಿನವೇ ವಿಂಡೋಸ್‌ನಲ್ಲಿರುವ ಮೆಮೊರಿ ಡಯಾಗ್ನಾಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ದೋಷ ಕಂಡರೂ ಹಿಂದಿರುಗಿಸಿ.

ಬೆಲೆ ಏರಿದ್ದೇಕೆ?

ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳಿಗೆ ಅಪಾರ ಮೆಮೊರಿ ಬೇಕು. ಚಿಪ್ ಕಂಪನಿಗಳು ಹೆಚ್ಚು ಲಾಭದ ಆ ಕಡೆಗೆ ತಿರುಗಿದ್ದರಿಂದ 2025ರ ಕೊನೆಯಲ್ಲಿ ಸಾಮಾನ್ಯ ರ‍್ಯಾಮ್ ಬೆಲೆ ಜೋರಾಗಿ ಏರಿತು. ಕ್ರೂಷಿಯಲ್ ಹೆಸರಿನಲ್ಲಿ ಗ್ರಾಹಕರಿಗೆ ಮಾರುತ್ತಿದ್ದ ವ್ಯಾಪಾರವನ್ನು ನಿಲ್ಲಿಸುವುದಾಗಿ ಮೈಕ್ರಾನ್ 2025ರ ಡಿಸೆಂಬರ್ 3ರಂದು ಪ್ರಕಟಿಸಿತು. ಹೀಗಿರುವಾಗ ಅರ್ಧ ಬೆಲೆಯ ಆಫರ್ ಎಲ್ಲಿಂದ ಬಂತು ಎಂದು ಕೇಳಲೇಬೇಕು.

ಮೊಬೈಲ್‌ಗೂ ರ‍್ಯಾಮ್ ಹಾಕಬಹುದೇ?

ಇಲ್ಲ. ಮೆಮೊರಿ ಕಾರ್ಡ್ ಫೋಟೊ, ವಿಡಿಯೊ ಇಡುವ ಜಾಗ, ಅದು ರ‍್ಯಾಮ್ ಅಲ್ಲ. ಆ್ಯಪ್ ಹಾಕಿದರೆ ರ‍್ಯಾಮ್ ಹೆಚ್ಚುವುದಿಲ್ಲ. ಫೋನ್‌ಗಳ “ವರ್ಚುವಲ್ ರ‍್ಯಾಮ್” ಎಂದರೆ ಸ್ಟೋರೇಜ್‌ನ ಒಂದು ಭಾಗವನ್ನು ಹಾಗೆ ಬಳಸುವುದು. ಅದು ನಿಜವಾದ ರ‍್ಯಾಮ್‌ಗಿಂತ ಬಹಳ ನಿಧಾನ.

ಮೋಸ ಹೋದರೆ?

ಬಿಲ್, ಪೆಟ್ಟಿಗೆ, ಹಣ ಕಟ್ಟಿದ ದಾಖಲೆ ಇಟ್ಟುಕೊಳ್ಳಿ. ಕೆಟ್ಟ ವಸ್ತು ಕೊಟ್ಟು ಬದಲಾಯಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಹಣ ಪಡೆದು ವಸ್ತುವನ್ನೇ ಕಳಿಸದೆ ಮಾಯವಾದ ಆನ್‌ಲೈನ್ ವಂಚನೆಯಾದರೆ ತಡಮಾಡದೆ 1930ಕ್ಕೆ ತಿಳಿಸಿ. 1930ರ ವಿಷಯದಲ್ಲಿ ಬೇಗ ಕರೆ ಮಾಡಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮುಂದಿನ ಸಲ ರ‍್ಯಾಮ್ ಆಫರ್ ಬಂದಾಗ ಮೂರು ವಿಷಯ ನೋಡಿ: ಯಾವ ಡಿಡಿಆರ್ ಎಂದು ಬರೆದಿದೆಯೇ, ಬಿಲ್ ಕೊಡುತ್ತಾರೆಯೇ, ಹಿಂದಕ್ಕೆ ತೆಗೆದುಕೊಳ್ಳುತ್ತಾರೆಯೇ? ಮೂರರಲ್ಲಿ ಒಂದಕ್ಕೂ ಉತ್ತರವಿಲ್ಲದ ಸಂದೇಶವನ್ನು ಮುಂದೆ ಕಳಿಸಬೇಡಿ.